ನಮ್ಮ ತಾಯಂದಿರಿಗೆ ವ್ಯಾಯಾಮ ಬೇಡವೇ?

— ಒಬ್ಬ ವಿದ್ಯಾರ್ಥಿನಿ, ಅಂತಿಮ ಬಿ. ಎ.

ಈ ಲೇಖನದ ವಿಷಯ ಯಾವುದೆಂದು ತಿಳಿದ ಕೂಡಲೆ ನನ್ನ ಗೆಳತಿಯೊಬ್ಬಳು, "ಇದನ್ನೆಲ್ಲ ಕಾಲೇಜಿನ ಸಂಚಿಕೆಯಲ್ಲಿ ಬರೆಯುವುದುಂಟೇ? ಓದಿದವರು ಏನೆಂದುಕೊಂಡಾರು?" ಎಂದು ಕೇಳಿದಳು. ಅವಳ ಸಂಕೋಚ ನನಗೆ ಅರ್ಥವಾಗದೆ ಇಲ್ಲ. ವಾಚನಾಲಯದಲ್ಲಿ ನಮ್ಮ ಹಳೆಯ ಸಂಚಿಕೆಗಳನ್ನು ತಿರುವಿ ಹಾಕಿದರೆ ವಿದ್ಯಾರ್ಥಿಗೂ ವ್ಯಾಯಾಮಕ್ಕೂ ಇರುವ ಸಂಬಂಧ, ಆಟಪಾಟಗಳ ಅಗತ್ಯ ಮುಂತಾದವನ್ನು ಕುರಿತ ಲೇಖನಗಳು ಬೇಕಾದಷ್ಟು ಸಿಕ್ಕುತ್ತವೆ. ಅವೆಲ್ಲವೂ ಇಪ್ಪತ್ತರ ಹರೆಯದವರನ್ನು ಕುರಿತವು. ಐವತ್ತನ್ನು ದಾಟಿದ, ಮುಟ್ಟು ನಿಂತ ಹೆಂಗಸಿನ ದೇಹವನ್ನು ಕುರಿತು ಒಂದು ಪುಟವೂ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ನಮ್ಮಲ್ಲಿ ಅನೇಕರನ್ನು ಈ ಕಾಲೇಜಿನ ಮೆಟ್ಟಿಲು ಹತ್ತಿಸಿದವರು ಆ ವಯಸ್ಸಿನ ತಾಯಂದಿರೇ ಅಲ್ಲವೇ? ಅವರ ವಿಷಯವಾಗಿ ಮಾತನಾಡಲು ನಾಚಿಕೆಪಡುವುದು ನನಗೆ ಸರಿತೋರಲಿಲ್ಲ. ಆದುದರಿಂದ ಈ ನಾಲ್ಕು ಮಾತು.

ನನ್ನ ತಾಯಿಗೆ ಈಗ ಐವತ್ತೆರಡು ವರ್ಷ. ಅವರು ಓದಿದ್ದು ನಾಲ್ಕನೆಯ ತರಗತಿ. ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವಳು ನಾನೇ ಮೊದಲನೆಯವಳು. ಅವರಿಗೆ ಮುಟ್ಟು ನಿಂತು ಮೂರು ವರ್ಷಗಳಾದವು. ಆಮೇಲೆ ರವಿಕೆಗಳು ಒಂದೊಂದಾಗಿ ಬಿಗಿಯಾದವು. ಮೆಟ್ಟಿಲು ಹತ್ತಿದರೆ ಮೊಣಕಾಲು ನೋವು. ಮಧ್ಯಾಹ್ನದ ಹೊತ್ತಿಗೆ ಹೇಳಲಾರದ ಆಯಾಸ. ಕೇಳಿದರೆ, "ವಯಸ್ಸಾಯಿತಲ್ಲ, ಇನ್ನೇನು?" ಎಂಬ ಒಂದೇ ಉತ್ತರ. ಕಳೆದ ವರ್ಷ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ವೈದ್ಯರು ಮಾತ್ರೆ ಬರೆದುಕೊಟ್ಟು, "ತೂಕ ಇಳಿಸಬೇಕಮ್ಮ, ವ್ಯಾಯಾಮ ಮಾಡಿ" ಎಂದು ಹೇಳಿ ಮುಂದಿನವರನ್ನು ಕರೆದರು. ಹೊರಗೆ ರೋಗಿಗಳ ಸಾಲು ಅಷ್ಟುದ್ದವಿತ್ತು; ಅವರನ್ನು ನಾನು ದೂರುವುದಿಲ್ಲ. ಆದರೆ ಬಸ್ಸಿಗೆ ಕಾಯುತ್ತಾ ತಾಯಿ, "ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತರವರೆಗೆ ನಾನು ಮಾಡುವುದೇನು, ನಿದ್ದೆಯೇ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಆದರೂ ಅವರು ಪ್ರಯತ್ನಿಸಿದರು. ಒಂದು ತಿಂಗಳು ಬೆಳಗಿನ ಜಾವ ಕೆರೆ ಏರಿಯ ಮೇಲೆ ನಡೆದರು. ವಾರಕ್ಕೊಮ್ಮೆ ಹಿಟ್ಟಿನ ಗಿರಣಿಗೆ ಹೋದಾಗ ರಾಗಿ ತೂಗುವ ಯಂತ್ರದ ಮೇಲೆಯೇ ನಿಂತು ನೋಡಿಕೊಂಡರು. ಮೊದಲು ಎಪ್ಪತ್ತೊಂದು ಕಿಲೋ ಇದ್ದದ್ದು ತಿಂಗಳ ಕೊನೆಗೆ ಎಪ್ಪತ್ತೂವರೆ. "ಅರ್ಧ ಕಿಲೋಗೆ ಇಷ್ಟು ಚಪ್ಪಲಿ ಸವೆಸಬೇಕೇ?" ಎಂದು ನಕ್ಕು, ನಡೆಯುವುದನ್ನು ಬಿಟ್ಟರು. ಆ ನಗೆ ನನ್ನನ್ನು ಬಹಳ ದಿನ ಕಾಡಿತು. ಅರ್ಥಶಾಸ್ತ್ರದ ತರಗತಿಯಲ್ಲಿ ಅಂಕಿ ಅಂಶಗಳನ್ನು ಓದಲು ಕಲಿತ ನಾನು ಅದೇ ವಿದ್ಯೆಯನ್ನು ನಮ್ಮ ತಾಯಿಯ ಪ್ರಶ್ನೆಗೆ ಏಕೆ ಉಪಯೋಗಿಸಬಾರದು ಎನ್ನಿಸಿತು. ಹುಡುಕಿ ಓದಿದೆ, ತಿಳಿಯದ ಕಡೆ ಅಧ್ಯಾಪಕರನ್ನು ಕೇಳಿದೆ. ನಾನು ಕಂಡುಕೊಂಡದ್ದು ಇಷ್ಟು: ತಾಯಿ ಸೋತಿರಲಿಲ್ಲ, ಅವರನ್ನು ಅಳೆದ ಅಳತೆ ತಪ್ಪಾಗಿತ್ತು.

ಮೊದಲು ದೇಹದಲ್ಲಿ ಆಗುವುದೇನೆಂಬುದನ್ನು ನೋಡೋಣ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಮುಟ್ಟು ನಿಂತಿತೆಂದು ವೈದ್ಯಶಾಸ್ತ್ರ ಹೇಳುತ್ತದೆ. ಭಾರತದ ಹೆಂಗಸರಿಗೆ ಇದು ಸರಾಸರಿ ನಲವತ್ತಾರು ನಲವತ್ತೇಳರ ವಯಸ್ಸಿನಲ್ಲಿ, ಪಾಶ್ಚಾತ್ಯ ದೇಶದವರಿಗಿಂತ ನಾಲ್ಕೈದು ವರ್ಷ ಮೊದಲೇ, ಬರುತ್ತದೆ. ಆಗ ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ರಸದೂತದ ಉತ್ಪತ್ತಿ ಬಹಳ ಮಟ್ಟಿಗೆ ನಿಂತುಹೋಗುತ್ತದೆ. ಅದು ಗರ್ಭಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ. ಕೊಬ್ಬು ಎಲ್ಲಿ ಕೂಡಬೇಕು, ಮೂಳೆ ಎಷ್ಟು ಗಟ್ಟಿಯಿರಬೇಕು, ರಕ್ತದ ಕೊಲೆಸ್ಟರಾಲ್ ಎಷ್ಟಿರಬೇಕು ಎಂಬುದರಲ್ಲೆಲ್ಲ ಅದರ ಕೈವಾಡವುಂಟು. ಅದುವರೆಗೆ ತೊಡೆ ಸೊಂಟಗಳಲ್ಲಿ ಕೂಡುತ್ತಿದ್ದ ಕೊಬ್ಬು ಇನ್ನು ಮೇಲೆ ಹೊಟ್ಟೆಯ ಒಳಗೆ, ಯಕೃತ್ತು ಕರುಳುಗಳ ಸುತ್ತ ಕೂಡತೊಡಗುತ್ತದೆ. ಈ ಒಳಕೊಬ್ಬೇ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗಿ ರಕ್ತದ ಸಕ್ಕರೆಯನ್ನು ಏರಿಸುವುದು. ಇತ್ತ ವಯಸ್ಸಿನೊಂದಿಗೆ ಮಾಂಸಖಂಡವೂ ಕರಗುತ್ತಾ ಬರುತ್ತದೆ. ಉಂಡ ಅನ್ನದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಕಣಜ ಮಾಂಸಖಂಡವೇ. ಕಣಜ ಚಿಕ್ಕದಾಗಿ ಬೆಳೆ ಮಾತ್ರ ಅಷ್ಟೇ ಬಂದರೆ ಕಾಳು ಅಂಗಳಕ್ಕೆ ಚೆಲ್ಲದೆ ಇನ್ನೇನಾದೀತು?

ಇದು ನಮ್ಮ ಮನೆಯೊಂದರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಸೊಂಟದ ಸುತ್ತಳತೆಯನ್ನು ಅಳೆದರು. ಹೊಟ್ಟೆಯ ಬೊಜ್ಜು ಹೆಂಗಸರಲ್ಲಿ ಶೇಕಡ 40, ಗಂಡಸರಲ್ಲಿ ಶೇಕಡ 12 ಎಂದು ತಿಳಿದುಬಂತು. ಇನ್ನೊಂದು ಮಾತನ್ನೂ ಗಮನಿಸಬೇಕು. ಆ ಸಮೀಕ್ಷೆಯಲ್ಲಿ ಎತ್ತರ, ತೂಕ, ಸೊಂಟಗಳನ್ನು ಅಳೆದದ್ದು 15ರಿಂದ 49 ವರ್ಷದೊಳಗಿನ ಹೆಂಗಸರದು. ಯಾವ ವಯಸ್ಸಿನಲ್ಲಿ ಹೊಟ್ಟೆ ಹೆಚ್ಚು ಬೆಳೆಯುವುದೋ ಆ ವಯಸ್ಸಿಗೆ ಸರಿಯಾಗಿ ಅಳತೆಯ ಪಟ್ಟಿಯೇ ನಿಂತುಹೋಯಿತು! ಹೆರುವ ವಯಸ್ಸು ಮುಗಿದ ಮೇಲೆ ಹೆಂಗಸು ಲೆಕ್ಕದಿಂದ ಹೊರಗುಳಿಯುವುದು ಮನೆಯಲ್ಲಿ ಮಾತ್ರವಲ್ಲವೆಂದಾಯಿತು.

ಇನ್ನು ತಾಯಿಯ ಮೊದಲನೆಯ ಪ್ರಶ್ನೆ. ದಿನವೆಲ್ಲ ಮಾಡುವ ಮನೆಗೆಲಸ ವ್ಯಾಯಾಮವಲ್ಲವೇ? ನಮ್ಮ ಅಜ್ಜಿ ರಾಗಿ ಬೀಸುತ್ತಿದ್ದರು, ಭತ್ತ ಕುಟ್ಟುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು. ಈಗ ಗಿರಣಿ ಬಂದಿದೆ, ಮಿಕ್ಸಿ ಬಂದಿದೆ, ನಲ್ಲಿ ಬಂದಿದೆ. ಅಜ್ಜಿಯ ಕಾಲವೇ ಚೆನ್ನಾಗಿತ್ತು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಹಾಗೆ ಹೊಗಳುವವರು ಬಹುಮಟ್ಟಿಗೆ ಒನಕೆ ಹಿಡಿದವರಲ್ಲ. ಯಂತ್ರಗಳು ಹೆಂಗಸಿನ ಬೆನ್ನನ್ನು ಉಳಿಸಿದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಶ್ರಮದ ಬಿರುಸನ್ನು ಕಡಮೆ ಮಾಡಿದವೇ ಹೊರತು ಕೆಲಸದ ಹೊತ್ತನ್ನಲ್ಲ. ಒಲೆಯ ಮುಂದೆ ನಿಲ್ಲುವುದು, ಪಾತ್ರೆ ತೊಳೆಯುವುದು, ಬಟ್ಟೆ ಮಡಿಚುವುದು, ಬಂದವರಿಗೆ ಬಡಿಸಿ ಕಾಯುವುದು—ಇವುಗಳಿಂದ ಆಯಾಸವುಂಟು. ಆದರೆ ಉಸಿರು ಬಿರುಸಾಗುವುದಿಲ್ಲ, ಮಾಂಸಖಂಡಕ್ಕೆ ಹೊಸ ಭಾರ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮನೆಗೆಲಸವನ್ನೂ ಚಟುವಟಿಕೆಯ ಲೆಕ್ಕಕ್ಕೆ ಸೇರಿಸುತ್ತದೆ, ನಿಜ. ಮೈ ಬಿಸಿಯಾಗುವಂತೆ ನೆಲ ತಿಕ್ಕಿದರೆ ಅದೂ ಸಂದಾಯವೇ. ಆದರೆ ದಣಿವೇ ಬೇರೆ, ವ್ಯಾಯಾಮವೇ ಬೇರೆ. ಬಿಸಿಲಿನಲ್ಲಿ ಕೂಲಿ ಮಾಡಿ ಬರುವ ತಾಯಿಗೆ "ನಡೆಯಿರಿ" ಎಂದು ಉಪದೇಶಿಸುವುದು ಅನ್ಯಾಯ. ಆಕೆಗೆ ಬೇಕಾದದ್ದು ಬೇಳೆಕಾಳಿನ ಊಟ ಮತ್ತು ವಿಶ್ರಾಂತಿ. ನಾನು ಹೇಳುತ್ತಿರುವುದು ಹೊಲದ ಕೆಲಸ ಬಿಟ್ಟುಹೋಗಿ, ಮನೆಯೊಳಗೇ ದಣಿಯುವ ಅಸಂಖ್ಯ ತಾಯಂದಿರ ಮಾತು.

ಎರಡನೆಯ ಪ್ರಶ್ನೆ: ನಡೆದರೂ ತೂಕ ಇಳಿಯಲಿಲ್ಲವೇಕೆ? ಇದಕ್ಕೆ ಅಮೆರಿಕದ ಸಿಯಾಟಲ್ ನಗರದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದು ಸ್ಪಷ್ಟ ಉತ್ತರ ಕೊಡುತ್ತದೆ. ಮುಟ್ಟು ನಿಂತ, ಮೈ ತೂಕ ಹೆಚ್ಚಿದ್ದ 439 ಮಂದಿ ಹೆಂಗಸರನ್ನು ನಾಲ್ಕು ಗುಂಪು ಮಾಡಿ ಒಂದು ವರ್ಷ ನೋಡಿದರು. ಏನನ್ನೂ ಬದಲಿಸದವರ ತೂಕ ಇಳಿದದ್ದು ಶೇಕಡ 0.8. ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ವ್ಯಾಯಾಮವನ್ನಷ್ಟೆ ಮಾಡಿದವರದು ಶೇಕಡ 2.4. ಊಟವನ್ನಷ್ಟೆ ಹಿಡಿತಕ್ಕೆ ತಂದವರದು ಶೇಕಡ 8.5. ಎರಡನ್ನೂ ಮಾಡಿದವರದು ಶೇಕಡ 10.8. ಎಪ್ಪತ್ತು ಕಿಲೋ ತೂಗುವ ಹೆಂಗಸಿಗೆ ಲೆಕ್ಕ ಹಾಕಿದರೆ, ವರ್ಷವಿಡೀ ಬೆವರು ಸುರಿಸಿದರೂ ವ್ಯಾಯಾಮವೊಂದರಿಂದ ಇಳಿಯುವುದು ಒಂದೂಮುಕ್ಕಾಲು ಕಿಲೋ ಆಸುಪಾಸು. ಹಾಗಿರುವಾಗ ನಮ್ಮ ತಾಯಿ ತಿಂಗಳಿಗೆ ಅರ್ಧ ಕಿಲೋ ಇಳಿಸಿದ್ದು ಸೋಲಲ್ಲ, ಸಾಧನೆಯೇ ಸರಿ! ಅದನ್ನು ಅವರಿಗೆ ಹೇಳುವವರಿರಲಿಲ್ಲ, ಅಷ್ಟೆ.

ಹಾಗಾದರೆ ವ್ಯಾಯಾಮದಿಂದ ಪ್ರಯೋಜನವೇನು, ಊಟ ಕಡಮೆ ಮಾಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಅದೇ ಸಿಯಾಟಲಿನಲ್ಲಿ 173 ಮಂದಿ ಹೆಂಗಸರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಒಂದು ವರ್ಷ ವ್ಯಾಯಾಮ ಮಾಡಿದವರ ತೂಕ ಇಳಿದದ್ದು 1.3 ಕಿಲೋ ಮಾತ್ರ. ಆದರೆ ಯಂತ್ರದಿಂದ ಹೊಟ್ಟೆಯ ಒಳಗನ್ನು ನೋಡಿದಾಗ, ನಾನು ಮೇಲೆ ಹೇಳಿದ ಆ ಕೆಟ್ಟ ಒಳಕೊಬ್ಬು ಸ್ಪಷ್ಟವಾಗಿ ಕರಗಿತ್ತು. ಡಲಾಸ್ ನಗರದಲ್ಲಿ 464 ಮಂದಿಯನ್ನು ಆರು ತಿಂಗಳು ನೋಡಿ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಉತ್ತೇಜನಕಾರಿ. ವಾರಕ್ಕೆ ಕೇವಲ 72 ನಿಮಿಷ ವ್ಯಾಯಾಮ ಮಾಡಿದವರ ದಮ್ಮು ಕೂಡ ಶೇಕಡ 4.2ರಷ್ಟು ಹೆಚ್ಚಿತು, 192 ನಿಮಿಷ ಮಾಡಿದವರದು ಶೇಕಡ 8.2ರಷ್ಟು. ತೂಕದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲದಿದ್ದರೂ ಸೊಂಟದ ಸುತ್ತಳತೆ ಇಳಿಯಿತು. ರಕ್ತದೊತ್ತಡ ಮಾತ್ರ ಆ ಪ್ರಯೋಗದಲ್ಲಿ ಇಳಿಯಲಿಲ್ಲವೆಂಬುದನ್ನೂ ಹೇಳಬೇಕು, ವ್ಯಾಯಾಮ ಸರ್ವರೋಗನಿವಾರಿಣಿಯಲ್ಲ.

ದೂರದ ಅಮೆರಿಕದ ಮಾತೇಕೆ ಎನ್ನುವವರಿಗೆ ಪಕ್ಕದ ಚೆನ್ನೈಯ ಉದಾಹರಣೆಯಿದೆ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಅಲ್ಲಿ ಮೂರು ವರ್ಷ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನೂ ಮಾಡದೆ ಬಿಟ್ಟವರಲ್ಲಿ ಶೇಕಡ 55 ಜನರಿಗೆ ಕಾಯಿಲೆ ಬಂತು. ದಿನಕ್ಕೆ ಅರ್ಧ ಗಂಟೆ ನಡಿಗೆ, ಊಟದಲ್ಲಿ ಎಚ್ಚರ, ಇವನ್ನು ಪಾಲಿಸುವಂತೆ ಹೇಳಿಸಿಕೊಂಡವರಲ್ಲಿ ಅದು ಶೇಕಡ 39.3ಕ್ಕೆ ನಿಂತಿತು. ಸ್ವಾರಸ್ಯವೆಂದರೆ ಅವರ ತೂಕವೂ ಇಳಿದಿರಲಿಲ್ಲ. ಆದರೆ ಆ 531 ಜನರಲ್ಲಿ ಹೆಂಗಸರು 110 ಮಂದಿ ಮಾತ್ರ. ಇಲ್ಲಿಯೂ ನಮ್ಮ ತಾಯಂದಿರು ಹಿಂದಿನ ಸಾಲಿನಲ್ಲೇ.

ಇದರ ಒಳಗುಟ್ಟು ಕಷ್ಟವಾದುದಲ್ಲ. ದುಡಿಯುವ ಮಾಂಸಖಂಡ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆ ಗುಣ ಒಂದೆರಡು ದಿನ ಉಳಿದು ಮತ್ತೆ ಇಳಿಯುತ್ತದೆ. ಆದುದರಿಂದಲೇ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದೆನ್ನುವುದು. ತಕ್ಕಡಿಗೆ ಇದೊಂದೂ ಕಾಣುವುದಿಲ್ಲ. ಅದಕ್ಕೆ ಕಾಣಿಸುವುದು ರಾಗಿಯೂ ಒಂದೇ, ಮನುಷ್ಯರೂ ಒಂದೇ. ಹೆಂಗಸಿನ ಆರೋಗ್ಯವನ್ನು ಅಳೆಯಲು ದರ್ಜಿಯ ಟೇಪೇ ತಕ್ಕಡಿಗಿಂತ ಮೇಲು. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರು, ಎಂದರೆ ಮೂವತ್ತೊಂದೂವರೆ ಅಂಗುಲ, ದಾಟಬಾರದೆಂಬುದು ವೈದ್ಯರ ಎಣಿಕೆ.

ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ನಡಿಗೆ. ಜೊತೆಗೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಬಲ ಕೊಡುವ ಕಸರತ್ತು. ಬಿರುಸೆಂದರೆ ಎಷ್ಟು ಎಂಬುದಕ್ಕೆ ಸುಲಭವಾದ ಗುರುತಿದೆ: ನಡೆಯುವಾಗ ಪಕ್ಕದವರೊಡನೆ ಮಾತನಾಡಲು ಆಗಬೇಕು, ಸೋಬಾನೆ ಹಾಡಲು ಉಸಿರು ಸಾಲಬಾರದು. ಬಲಕ್ಕೆ ಗರಡಿಮನೆಯೇನೂ ಬೇಡ. ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಏಳುವುದು, ಗೋಡೆಯನ್ನು ತಳ್ಳುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತುವುದು ಇವೇ ಆರಂಭಕ್ಕೆ ಸಾಕು. ಮುದಿಮೂಳೆ ಮುರಿದೀತೆಂಬ ಹೆದರಿಕೆಗೆ ಆಸ್ಟ್ರೇಲಿಯದಲ್ಲಿ 2018ರಲ್ಲಿ ಪ್ರಕಟವಾದ ಪ್ರಯೋಗ ಉತ್ತರವಾಗಿದೆ. ಮೂಳೆ ತೆಳುವಾಗಿದ್ದ 101 ಮಂದಿ ಹಿರಿಯ ಹೆಂಗಸರಲ್ಲಿ, ತರಬೇತಿ ಪಡೆದವರ ಕಣ್ಗಾವಲಿನಲ್ಲಿ ವಾರಕ್ಕೆರಡು ಬಾರಿ ಅರ್ಧ ಗಂಟೆ ಭಾರ ಎತ್ತಿದವರ ಬೆನ್ನೆಲುಬಿನ ಸಾಂದ್ರತೆ ಎಂಟು ತಿಂಗಳಲ್ಲಿ ಶೇಕಡ 2.9ರಷ್ಟು ಹೆಚ್ಚಿತು. ಕಣ್ಗಾವಲು ಎಂಬ ಮಾತನ್ನು ಮರೆಯಬಾರದು. ಎದೆನೋವು ಇರುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು, ಮೊಣಕಾಲು ಊದಿಕೊಂಡವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಊಟದ ವಿಷಯ ಒಂದೇ ಮಾತು ಹೇಳುತ್ತೇನೆ. "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯಲ್ಲಿ 'ಬಲ್ಲವನು' ಇದ್ದಾನೆ, ಬಲ್ಲವಳ ಪಾಡೇನು? ಎಲ್ಲರಿಗೂ ಬಡಿಸಿ ಕೊನೆಗೆ ಕುಳಿತ ತಾಯಿ ತನ್ನ ಹಸಿವನ್ನು ನೋಡಿ ಉಣ್ಣುವುದಿಲ್ಲ, ಪಾತ್ರೆಯ ತಳವನ್ನು ನೋಡಿ ಉಣ್ಣುತ್ತಾಳೆ. ಉಳಿದ ಅನ್ನ ಚೆಲ್ಲಬಾರದು, ಆದುದರಿಂದ ಅದು ಆಕೆಯ ಹೊಟ್ಟೆಗೆ. ಸಾರಿನ ಬೇಳೆ, ಪಲ್ಯದ ಕಾಳು ಆ ವೇಳೆಗೆ ಮುಗಿದಿರುತ್ತವೆ. ಹೀಗೆ ಅನ್ನ ಹೆಚ್ಚು, ಕಾಳು ಕಡಮೆ. ಇದನ್ನು ತಿದ್ದಲು ಯಾವ ವೈದ್ಯರೂ ಬೇಕಿಲ್ಲ. ಎಲ್ಲರೂ ಒಟ್ಟಿಗೆ ಕುಳಿತು, ತಾಯಿಯ ತಟ್ಟೆಗೆ ಮೊದಲು ಕಾಳು ಬಡಿಸಿದರೆ ಆಯಿತು. ಮನೆಯ ಗಂಡುಮಕ್ಕಳು ಈ ಸಾಲನ್ನು ಎರಡು ಬಾರಿ ಓದಬೇಕಾಗಿ ಪ್ರಾರ್ಥನೆ.

ಆದರೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಸ್ಥಳದ್ದು, ನಾಚಿಕೆಯದ್ದು. ಇಪ್ಪತ್ತರ ಹುಡುಗ ರಸ್ತೆಯಲ್ಲಿ ಓಡಿದರೆ ಅದು ಉತ್ಸಾಹ, ಐವತ್ತರ ಹೆಂಗಸು ಸೆರಗು ಬಿಗಿದು ಬಿರಬಿರನೆ ನಡೆದರೆ, "ಎಲ್ಲಿಗಮ್ಮ ಇಷ್ಟು ಅವಸರ?" ಎಂದು ಹತ್ತು ಜನ ಕೇಳುತ್ತಾರೆ. ಬೆಳಗಿನ ಕತ್ತಲಿನಲ್ಲಿ ರಸ್ತೆಗೆ ನಾಯಿಗಳ ಕಾಟ, ಲಾರಿಗಳ ಕಾಟ. ನಮ್ಮ ತಾಯಿ ನಡಿಗೆ ಬಿಟ್ಟದ್ದಕ್ಕೆ ಅರ್ಧ ಕಾರಣ ತಕ್ಕಡಿಯಾದರೆ ಇನ್ನರ್ಧ ಇದೇ ಎಂದು ಬಹಳ ದಿನಗಳ ಮೇಲೆ ಹೇಳಿಕೊಂಡರು. ಇಷ್ಟಾಗಿಯೂ ನಾವು "ಇಚ್ಛಾಶಕ್ತಿ ಇಲ್ಲ" ಎಂದು ಹೆಂಗಸರನ್ನೇ ದೂರುತ್ತೇವೆ. ಸ್ಥಳವನ್ನೇ ಕೊಡದೆ ಮನಸ್ಸು ಮಾಡೆಂದರೆ ಹೇಗೆ?

ಇಲ್ಲಿ ನಮ್ಮ ಕಾಲೇಜು ಮಾಡಬಹುದಾದ ಕೆಲಸವೊಂದಿದೆ. ನಮ್ಮ ಆಟದ ಬಯಲಿಗೆ ಸುತ್ತಲೂ ಗೋಡೆಯಿದೆ, ಓಡುವ ದಾರಿಯಿದೆ, ಬೇವಿನ ಮರಗಳಿವೆ. ಬೆಳಿಗ್ಗೆ ಒಂಬತ್ತರವರೆಗೆ ಅದರ ಬಾಗಿಲಿಗೆ ಬೀಗ. ಆರರಿಂದ ಏಳೂವರೆಯವರೆಗೆ ಅದನ್ನು ಊರಿನ ತಾಯಂದಿರಿಗೆ ತೆರೆದುಕೊಟ್ಟರೆ ಸರ್ಕಾರಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿನಿಯರು ಸರದಿಯಂತೆ ಇಬ್ಬಿಬ್ಬರು ಬಂದು ತಿಂಗಳಿಗೊಮ್ಮೆ ಸೊಂಟದ ಅಳತೆ ಬರೆದಿಡಬಹುದು. ದೈಹಿಕ ಶಿಕ್ಷಣದ ಅಧ್ಯಾಪಕರು ವಾರಕ್ಕೆರಡು ದಿನ ಬಲದ ಕಸರತ್ತನ್ನು ಹೇಳಿಕೊಡಬಹುದು. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆಗಳ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿಯೇ ಇದೆ. ಆಶಾ ಕಾರ್ಯಕರ್ತೆಯರನ್ನು ತಿಂಗಳಿಗೊಂದು ದಿನ ಇಲ್ಲಿಗೇ ಕರೆಯಬಹುದು. ಬಯಲು ವಿದ್ಯಾರ್ಥಿಗಳಿಗಾಗಿ ಇರುವುದು, ನಿಜ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಯಾವ ವಿದ್ಯಾರ್ಥಿಯೂ ಇರುವುದಿಲ್ಲವಷ್ಟೆ. ಕಾವಲಿನ ಜವಾಬ್ದಾರಿ ಯಾರದೆಂಬ ಪ್ರಶ್ನೆ ಬರಬಹುದು. ಬೀಗದ ಕೈಯನ್ನು ಒಪ್ಪಿಸಿದರೆ ಮೊದಲ ಮೂರು ತಿಂಗಳು ನಾನೇ ಬಂದು ಬಾಗಿಲು ತೆಗೆಯಲು ಸಿದ್ಧಳಿದ್ದೇನೆ. ಇನ್ನೂ ನಾಲ್ವರು ಗೆಳತಿಯರು ಹೆಸರು ಕೊಟ್ಟಿದ್ದಾರೆ. ಮೊದಲು ಹುಬ್ಬೇರಿಸಿದ ಗೆಳತಿಯೂ ಅವರಲ್ಲೊಬ್ಬಳು. ಅವಳ ತಾಯಿಗೂ ಈಗ ನಲವತ್ತೆಂಟು.

ನನ್ನ ತಾಯಿ ಮತ್ತೆ ನಡೆಯಲು ಆರಂಭಿಸಿ ಐದು ತಿಂಗಳಾದವು. ಈ ಬಾರಿ ನಾನೂ ಜೊತೆಗೆ ಹೋಗುತ್ತೇನೆ. ಊಟಕ್ಕೆ ಒಟ್ಟಿಗೆ ಕೂಡುತ್ತೇವೆ. ಗಿರಣಿಯ ಯಂತ್ರದ ಮೇಲೆ ನಿಲ್ಲುವುದನ್ನು ಬಿಡಿಸಿ, ಅಳತೆಯನ್ನು ನನ್ನ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದೇನೆ. ಸೊಂಟ ಮೂವತ್ತೆಂಟು ಅಂಗುಲದಿಂದ ಮೂವತ್ತಾರಕ್ಕೆ ಬಂದಿದೆ. ಮೂವತ್ತೊಂದೂವರೆ ಇನ್ನೂ ದೂರವಿದೆ. ಮಾತ್ರೆ ನಿಂತಿಲ್ಲ, ನಿಲ್ಲಬೇಕೆಂದೂ ಇಲ್ಲ. ಆದರೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ತಪ್ಪಿದೆ. ಮೊನ್ನೆ ಏರಿಯ ಮೇಲೆ ನಡೆಯುತ್ತಾ, "ನಿಮ್ಮ ಕಾಲೇಜಿನ ಬಯಲು ದೊಡ್ಡದೇನೇ?" ಎಂದು ಕೇಳಿದರು. ನಾನು ಮೂರು ವರ್ಷ ಓದಿದರೂ ಅವರು ಒಮ್ಮೆಯೂ ಈ ಕಾಲೇಜಿನ ಒಳಗೆ ಬಂದವರಲ್ಲ. ಮಾನ್ಯ ಪ್ರಿನ್ಸಿಪಾಲರೂ ಅಧ್ಯಾಪಕ ವರ್ಗದವರೂ ದಯವಿಟ್ಟು ಈ ಬೇಡಿಕೆಯನ್ನು ಪರಿಶೀಲಿಸಬೇಕೆಂದು ಕೇಳಿಕೊಳ್ಳುತ್ತಾ, ನನ್ನ ಲೇಖನವನ್ನು ಮುಗಿಸುತ್ತೇನೆ.